ಸ್ಪಾಕ್ ಕ್ಯಾಮೆರಾ ಹಿಂದೆ ನಿಂತಾಗ

ಹೋದ ಸಂಚಿಕೆಯಲ್ಲಿ ನಟರು ನಿರ್ದೇಶಕರಾಗುವ ಬಗ್ಗೆ ಬರೆದಿದ್ದೆ. ಅದರಲ್ಲಿ, ಅರವತ್ತರ ದಶಕದ ಅಮೆರಿಕದ ಅಂತರಿಕ್ಷ ಟಿವಿ ಸರಣಿ 'ಸ್ಟಾರ್ ಟ್ರೆಕ್'ನಲ್ಲಿ ಭಾವನೆ ತೋರಿಸದ, ಚೂಪು ಕಿವಿಯ ಸ್ಪಾಕ್ ಆಗಿದ್ದ ಲಿಯೊನಾರ್ಡ್ ನಿಮೋಯ್ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಓದುಗರು ಬಿಡಲಿಲ್ಲ. ಬಂದ ಪತ್ರಗಳಲ್ಲಿ ಹೆಚ್ಚಿನವು ಅವರ ಬಗ್ಗೆಯೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೆ. ನಾನು ಸಿನಿಮಾ ಎಡಿಟಿಂಗ್ ಮಾಡಿ ಬದುಕಿದವಳು. ನಟರು ಮಾತಾಡುವ ಹೊತ್ತಿಗಿಂತ ಸುಮ್ಮನೆ ಕೇಳಿಸಿಕೊಳ್ಳುವ ಹೊತ್ತನ್ನು ಜಾಸ್ತಿ ನೋಡುವ ಚಾಳಿ ನನಗಿದೆ. ಉತ್ತರಗಳಲ್ಲಿ ಅದು ಇಣುಕಿದರೆ ಸಹಿಸಿಕೊಳ್ಳಿ.

ಪ್ರಶ್ನೆ: ಮೇಡಂ, ಮುಖದಲ್ಲಿ ಏನೂ ತೋರಿಸದೆ ನಿಲ್ಲೋದು ಅಷ್ಟು ದೊಡ್ಡ ನಟನೆಯಾ? ಸ್ಪಾಕ್ ಮಾಡಿದ್ದು ಅಷ್ಟೇ ಅಲ್ವಾ?

ನೀವು 'ದಿ ಕೇಜ್' ನೋಡಿಲ್ಲ ಅನ್ನಿಸುತ್ತದೆ. ಅದು ಸರಣಿ ಶುರುವಾಗುವ ಮೊದಲು ತೆಗೆದ ಪರೀಕ್ಷಾ ಕಂತು. ಅದರಲ್ಲಿ ಸ್ಪಾಕ್ ಹಲ್ಲು ಕಿರಿದು ನಗುತ್ತಾನೆ. ಗಾಬರಿಯಾಗಿ ಕೂಗುತ್ತಾನೆ. ಅದರಲ್ಲಿ ಕ್ಯಾಪ್ಟನ್ ಆಗಿದ್ದ ಜೆಫ್ರಿ ಹಂಟರ್ ಎಲ್ಲವನ್ನೂ ಒಳಗೇ ಇಟ್ಟುಕೊಳ್ಳುವ ನಟ. ದೃಶ್ಯಕ್ಕೆ ಒಂದಿಷ್ಟು ಕಾವು ಬೇಕಿತ್ತು, ನಿಮೋಯ್ ಅದನ್ನು ತುಂಬಲು ಹೋದರು. ಆಮೇಲೆ ಆ ಜಾಗಕ್ಕೆ ವಿಲಿಯಂ ಶಾಟ್ನರ್ ಬಂದರು. ಅವರಲ್ಲಿ ಕಾವಿಗೆ ಏನೂ ಬರವಿರಲಿಲ್ಲ! ಆಗ ನಿಮೋಯ್‌ಗೆ ತಣ್ಣಗಾಗಲು ಜಾಗ ಸಿಕ್ಕಿತು. ಎದುರಿಗಿರುವ ನಟ ಏನು ಮಾಡುತ್ತಿದ್ದಾನೆ ಎಂದು ನೋಡಿ ತನ್ನದನ್ನು ಅಳೆದುಕೊಳ್ಳುವುದು, ಇದನ್ನೇ ನಾನು ನಟನೆ ಅನ್ನುತ್ತೇನೆ.

ಇನ್ನೊಂದು ಪ್ರಸಂಗ. 'ದಿ ಕಾರ್ಬೊಮೈಟ್ ಮನೂವರ್' ಕಂತಿನ ಚಿತ್ರೀಕರಣ. ಪರದೆಯ ಮೇಲೆ ಅಪಾಯ ಕಾಣಿಸುತ್ತದೆ, ಅಂತರಿಕ್ಷ ಹಡಗಿನವರೆಲ್ಲ ಗಾಬರಿಯಲ್ಲಿದ್ದಾರೆ. ಸ್ಪಾಕ್ ಹೇಳಬೇಕಾದ ಮಾತು ಒಂದೇ, 'ಫ್ಯಾಸಿನೇಟಿಂಗ್'. ಅದನ್ನು ಯಾವ ದನಿಯಲ್ಲಿ ಹೇಳಬೇಕೋ ನಿಮೋಯ್‌ಗೆ ಹೊಳೆಯಲಿಲ್ಲ. ನಿರ್ದೇಶಕ ಜೋಸೆಫ್ ಸಾರ್ಜೆಂಟ್ ಬಂದು, ನೀನು ವಿಜ್ಞಾನಿ, ಇದನ್ನು ಅಪಾಯ ಅಂತ ನೋಡಬೇಡ, ಕುತೂಹಲದಿಂದ ನೋಡು ಎಂದರು. ಪಾತ್ರದ ಬೀಗದ ಕೈ ಸಿಕ್ಕಿದ್ದೇ ಅಲ್ಲಿ ಎಂದು ನಿಮೋಯ್ ಆಮೇಲೆ ಹಲವು ಸಲ ಹೇಳಿಕೊಂಡರು.

ಭುಜದ ಹತ್ತಿರ ಹಿಡಿದು ಎದುರಾಳಿಯ ಪ್ರಜ್ಞೆ ತಪ್ಪಿಸುವ ಆ ಚಿವುಟು ಇದೆಯಲ್ಲ, ಅದೂ ಅವರದೇ ಸಲಹೆ. 'ದಿ ಎನಿಮಿ ವಿದಿನ್' ಕಂತಿನ ಸ್ಕ್ರಿಪ್ಟ್‌ನಲ್ಲಿ ಸ್ಪಾಕ್ ಆಯುಧದ ಹಿಡಿಯಿಂದ ತಲೆಗೆ ಹೊಡೆಯಬೇಕಿತ್ತು. ಹಾಗೆ ಹೊಡೆಯುವುದು ಹಳೇ ಕೌಬಾಯ್ ಸಿನಿಮಾದ ಕೆಲಸ, ಇವನಿಗೆ ಒಪ್ಪಲ್ಲ ಎಂದರು ನಿಮೋಯ್. ಒಂದು ಹೊಡೆತ ಕಡಿಮೆಯಾಯಿತು, ಪಾತ್ರ ಒಂದು ಮೆಟ್ಟಿಲು ಮೇಲೆ ಹೋಯಿತು. ಅವರ ಕೆಲಸದಲ್ಲೆಲ್ಲ ನನಗೆ ಕಾಣುವುದು ಇದೇ. ಏನನ್ನಾದರೂ ತೆಗೆದುಹಾಕಿ ದೃಶ್ಯವನ್ನು ಗಟ್ಟಿ ಮಾಡುತ್ತಾರೆ.

ಪ್ರಶ್ನೆ: ಆ ಕಿವಿ ಅಂಟಿಸಿದ್ದೋ, ಹುಟ್ಟಿನಿಂದ ಬಂದದ್ದೋ?

ಅಂಟಿಸಿದ್ದು ಸ್ವಾಮಿ! ಮೊದಮೊದಲು ಮಾಡಿದ ಕಿವಿಗಳು ನಗೆಪಾಟಲಾಗಿದ್ದವು. ನಿಮೋಯ್‌ಗೆ ಈ ಪಾತ್ರವೇ ಬೇಡ ಅನ್ನಿಸುವಷ್ಟು. ಹದಿಮೂರು ವಾರ ಕಳೆದರೂ ನಿಮಗೆ ಹಿಡಿಸದಿದ್ದರೆ ಸ್ಪಾಕ್ ಕಿವಿಗೆ ಆಪರೇಷನ್ ಮಾಡಿಸುವ ಕಥೆಯನ್ನೇ ಬರೆಯುತ್ತೇನೆ ಎಂದು ನಿರ್ಮಾಪಕ ಜೀನ್ ರಾಡನ್‌ಬೆರಿ ಸಮಾಧಾನ ಮಾಡಿದರು. ಸರಣಿ ಪ್ರಸಾರ ಮಾಡುತ್ತಿದ್ದ ಎನ್‌ಬಿಸಿ ಚಾನೆಲ್‌ಗೂ ಆ ಕಿವಿಯ ಭಯ. ತಮ್ಮ ಪ್ರಚಾರದ ಹೊತ್ತಗೆಯಲ್ಲಿ ಚೂಪು ತುದಿಯನ್ನು ಬಣ್ಣದಿಂದ ಅಳಿಸಿ ಮಾಮೂಲಿ ಕಿವಿ ಮಾಡಿಬಿಟ್ಟಿದ್ದರು.

ಪ್ರಶ್ನೆ: ಅವರಿಗೆ ಸಿನಿಮಾ ನಿರ್ದೇಶನ ಸಿಕ್ಕಿದ್ದು ಹೇಗೆ? 'ಕೊಡದಿದ್ದರೆ ನಟಿಸಲ್ಲ' ಅಂತ ಪಟ್ಟು ಹಿಡಿದು ಗಿಟ್ಟಿಸಿದ್ದು ತಾನೇ?

ಪಟ್ಟು ಇತ್ತು, ಇಲ್ಲ ಅನ್ನಲ್ಲ. 'ಸ್ಟಾರ್ ಟ್ರೆಕ್' ಸಾಲಿನ ಎರಡನೇ ಸಿನಿಮಾದಲ್ಲಿ, 1982ರಲ್ಲಿ, ಸ್ಪಾಕ್ ಸತ್ತಿದ್ದ. ಅವನನ್ನು ವಾಪಸ್ ತರಲು ನಿಮೋಯ್ ಬೇಕೇ ಬೇಕು. ಸಿನಿಮಾ ತೆಗೆಯುವ ಪ್ಯಾರಾಮೌಂಟ್ ಸ್ಟುಡಿಯೋದವರು ಕರೆದಾಗ, ನಿರ್ದೇಶನವೂ ನನಗೇ ಬೇಕು ಎಂದರು. ಸ್ಟುಡಿಯೋದ ಮುಖ್ಯಸ್ಥ ಮೈಕೆಲ್ ಐಸ್ನರ್ ಮೊದಲು ಹುರುಪು ತೋರಿ ಆಮೇಲೆ ಹಿಂಜರಿದರು. ಸ್ಪಾಕ್ ಸಾಯಲೇಬೇಕು ಅಂತ ನಿಮೋಯ್ ಒಪ್ಪಂದದಲ್ಲೇ ಬರೆಸಿದ್ದಾರೆ ಎಂಬ ಮಾತು ಅವರ ತಲೆ ಹೊಕ್ಕಿತ್ತು. ಪಾತ್ರವನ್ನು ದ್ವೇಷಿಸುವವರ ಕೈಗೆ ಅದನ್ನು ಬದುಕಿಸುವ ಸಿನಿಮಾ ಕೊಡೋದು ಹೇಗೆ? ಒಪ್ಪಂದ ನಿಮ್ಮ ಕಟ್ಟಡದಲ್ಲೇ ಇದೆ, ತರಿಸಿ ನೋಡಿ ಎಂದರು ನಿಮೋಯ್. ಅಂಥ ಷರತ್ತು ಅದರಲ್ಲಿ ಇರಲೇ ಇಲ್ಲ.

ಆದರೆ ಅವರು ಏನೂ ಗೊತ್ತಿಲ್ಲದೆ ಬಂದವರಲ್ಲ. 1952ರಲ್ಲೇ ಒಂದು ಸೀರಿಯಲ್ ಸಿನಿಮಾದಲ್ಲಿ ಮಂಗಳ ಗ್ರಹದವನಾಗಿ ಬಂದಿದ್ದರು. 1954ರಲ್ಲಿ ದೈತ್ಯ ಇರುವೆಗಳ 'ದೆಮ್!' ಸಿನಿಮಾದಲ್ಲಿ ಸಣ್ಣದೊಂದು ಸೈನಿಕನ ಪಾತ್ರ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ನಡುವೆ ಟ್ಯಾಕ್ಸಿ ಓಡಿಸಿದರು, ನಟನೆಯ ಪಾಠ ಹೇಳಿಕೊಟ್ಟರು. 'ಸ್ಟಾರ್ ಟ್ರೆಕ್' ಸಿಗುವ ತನಕ ಎರಡು ವಾರಕ್ಕಿಂತ ಜಾಸ್ತಿ ನಡೆದ ನಟನೆಯ ಕೆಲಸವೇ ತನಗೆ ಸಿಕ್ಕಿರಲಿಲ್ಲ ಎಂದು ಅವರೇ ಹೇಳುತ್ತಿದ್ದರು. 1973ರಲ್ಲಿ 'ನೈಟ್ ಗ್ಯಾಲರಿ' ಸರಣಿಗೆ ಒಂದು ಕಥೆ ನಿರ್ದೇಶಿಸಿದ್ದರು. ಅಷ್ಟು ವರ್ಷ ಬೇರೆಯವರ ಸೆಟ್ಟುಗಳಲ್ಲಿ ನಿಂತು ನೋಡಿದ್ದೇ ಅವರಿಗೆ ಶಾಲೆ.

ಹಾಗೆ ಅವರು ನಿರ್ದೇಶಿಸಿ 1984ರಲ್ಲಿ ಬಂದ 'ದಿ ಸರ್ಚ್ ಫಾರ್ ಸ್ಪಾಕ್' ಒಟ್ಟಾರೆ ಸಾಧಾರಣ ಸಿನಿಮಾ ಅನ್ನೋದು ನನ್ನ ಅಭಿಪ್ರಾಯ. ಹಡಗು ಕದಿಯುವ ಭಾಗ ಚೆನ್ನಾಗಿದೆ. ಕೊನೆಯ ಹೊಡೆದಾಟ ಬೇಸರ ತರಿಸುತ್ತದೆ. ಆದರೆ ಒಂದು ದೃಶ್ಯದ ಹಿಂದಿನ ಕಥೆ ನನಗೆ ಬಹಳ ಇಷ್ಟ. ಸ್ಪಾಕ್ ಪ್ರಜ್ಞೆಯಿಲ್ಲದೆ ಮಲಗಿದ್ದಾನೆ. ಡಾಕ್ಟರ್ ಮೆಕಾಯ್ ಪಕ್ಕದಲ್ಲಿ ನಿಂತು ಮನಸ್ಸು ಬಿಚ್ಚಿ ಮಾತಾಡುತ್ತಾನೆ. ಮಲಗಿದವರೇ ನಿರ್ದೇಶಕರು! ಕಣ್ಣು ಬಿಡುವ ಹಾಗಿಲ್ಲ, ಎದುರಿನ ನಟ ಏನು ಮಾಡುತ್ತಿದ್ದಾನೆ ನೋಡುವ ಹಾಗಿಲ್ಲ. ಇವರು ರೆಪ್ಪೆ ಅಲುಗಿಸಿಯೇ ನನಗೆ ನಿರ್ದೇಶನ ಮಾಡುತ್ತಿದ್ದಾರೆ ಎಂದು ಮೆಕಾಯ್ ಪಾತ್ರದ ಡಿಫಾರೆಸ್ಟ್ ಕೆಲ್ಲಿ ದೂರಿದರು. ನಿರ್ದೇಶನವೂ ಮಾಡಿ ನಟಿಸುವವರೆಲ್ಲರ ಕಷ್ಟ ಅದೊಂದು ದೃಶ್ಯದಲ್ಲಿದೆ.

ಪ್ರಶ್ನೆ: 'ದಿ ವಾಯೇಜ್ ಹೋಮ್' ತಮಾಷೆ ಸಿನಿಮಾ. ತಿಮಿಂಗಿಲ, ಬಸ್ಸು, ಜಗಳ... ಇದನ್ನೂ ವೈಜ್ಞಾನಿಕ ಕಥೆ ಅನ್ನಬಹುದಾ?

ಅನ್ನಬಹುದು. 1986ರಲ್ಲಿ ಬಂದ ಅದಕ್ಕೂ ನಿಮೋಯ್ ಅವರದೇ ನಿರ್ದೇಶನ. ಇನ್ನೂ ಒಂದು ಮಾತು, ಇಡೀ 'ಸ್ಟಾರ್ ಟ್ರೆಕ್' ಸಿನಿಮಾ ಸಾಲಿನಲ್ಲಿ ನನಗೆ ಅತಿ ಇಷ್ಟವಾದದ್ದೂ ಅದೇ.

ನೋಡದವರಿಗೆ ಕಥೆ ಚಿಕ್ಕದಾಗಿ: ಇಪ್ಪತ್ಮೂರನೇ ಶತಮಾನದಲ್ಲಿ ಎಲ್ಲಿಂದಲೋ ಒಂದು ಭಾರಿ ಯಂತ್ರ ಭೂಮಿಯ ಹತ್ತಿರ ಬರುತ್ತದೆ. ಅದು ಕೂಗುತ್ತಿರುವುದು ಹಂಪ್‌ಬ್ಯಾಕ್ ತಿಮಿಂಗಿಲಗಳ ಹಾಡಿಗೆ. ಉತ್ತರ ಕೊಡಲು ತಿಮಿಂಗಿಲಗಳೇ ಇಲ್ಲ, ಮನುಷ್ಯರು ಯಾವತ್ತೋ ಬೇಟೆಯಾಡಿ ಮುಗಿಸಿದ್ದಾರೆ. ಉತ್ತರ ಸಿಗದ ಯಂತ್ರದಿಂದ ಸಮುದ್ರ ಕುದಿಯುತ್ತದೆ, ಭೂಮಿ ಮೋಡದಿಂದ ಮುಚ್ಚಿಹೋಗುತ್ತದೆ. ಸ್ಪಾಕ್ ಮತ್ತು ಅವನ ಹಡಗಿನವರು 1986ರ ಸ್ಯಾನ್ ಫ್ರಾನ್ಸಿಸ್ಕೋಗೆ ಹಿಂದಕ್ಕೆ ಹೋಗಿ ಜಾರ್ಜ್, ಗ್ರೇಸಿ ಎಂಬ ಎರಡು ತಿಮಿಂಗಿಲಗಳನ್ನು ತರಬೇಕು.

ಇಲ್ಲಿ ಖಳನೇ ಇಲ್ಲ, ಗಮನಿಸಿ. ಯಾರೂ ಸಾಯಬಾರದು, ಯಾರೂ ಕೆಟ್ಟವರಿರಬಾರದು, ಹೊಡೆದಾಟ ಬೇಡ ಎಂದು ನಿಮೋಯ್ ಮೊದಲೇ ನಿರ್ಧಾರ ಮಾಡಿದ್ದರು. ಆ ಹೊತ್ತಿಗೆ ಅವರು ಜೀವಿಗಳು ಅಳಿದುಹೋಗುವ ಬಗ್ಗೆ ಓದುತ್ತಿದ್ದರು. ಜೀವಶಾಸ್ತ್ರಜ್ಞ ಇ. ಓ. ವಿಲ್ಸನ್ ಅವರ 'ಬಯೋಫಿಲಿಯಾ' ಅದರಲ್ಲಿ ಒಂದು. ಕಥೆ ನಿಮೋಯ್ ಮತ್ತು ನಿರ್ಮಾಪಕ ಹಾರ್ವ್ ಬೆನೆಟ್ ಅವರದು. ಸ್ಯಾನ್ ಫ್ರಾನ್ಸಿಸ್ಕೋ ಭಾಗವನ್ನು ನಿಕೊಲಸ್ ಮೇಯರ್ ಬರೆದರು, ಅಲ್ಲಿನ ಚುರುಕು ಮಾತೆಲ್ಲ ಅವರದು. ಬಸ್ಸಿನಲ್ಲಿ ಜೋರಾಗಿ ಟೇಪ್ ಹಾಕಿ ಸ್ಪಾಕ್ ಕೈಯಿಂದ ಚಿವುಟಿಸಿಕೊಳ್ಳುವ ಪಂಕ್ ಹುಡುಗ ಯಾರು ಗೊತ್ತಾ? ಸಹ ನಿರ್ಮಾಪಕ ಕರ್ಕ್ ಥ್ಯಾಚರ್. ಆ ಟೇಪಿನ ಹಾಡನ್ನೂ ಅವರೇ ಬರೆದು ಹಾಡಿದ್ದು.

ನನ್ನ ಕಸುಬಿನ ಕಡೆಯಿಂದ ಹೇಳುವುದಾದರೆ, ದೊಡ್ಡ ನಿರ್ಧಾರ ಬೇರೆ ಒಂದಿದೆ. ಯಂತ್ರ ಮತ್ತು ತಿಮಿಂಗಿಲಗಳು ಕೊನೆಯಲ್ಲಿ ಮಾತಾಡಿಕೊಳ್ಳುತ್ತವೆ. ಆ ಮಾತಿಗೆ ಸಬ್‌ಟೈಟಲ್ ಹಾಕಿ ಎಂದು ಸ್ಟುಡಿಯೋ ಕಡೆಯಿಂದ ಒತ್ತಡ ಬಂತು. ನಿಮೋಯ್ ಒಪ್ಪಲಿಲ್ಲ. ಎಡಿಟಿಂಗ್ ಕೋಣೆಯಲ್ಲಿ ಕೂತವರಿಗೆ ಇದರ ಬೆಲೆ ಗೊತ್ತು. 'ಜನಕ್ಕೆ ಅರ್ಥ ಆಗಲ್ಲ' ಎಂಬ ಒಂದು ಮಾತಿನಿಂದ ಎಷ್ಟು ಒಳ್ಳೆಯ ದೃಶ್ಯಗಳು ಹಾಳಾಗಿವೆಯೋ! ಇಲ್ಲಿ ನಾವು ಸುಮ್ನೆ ಕೇಳುತ್ತೇವೆ. ಅವು ಏನು ಹೇಳಿಕೊಂಡವು ಅಂತ ನಮಗೆ ತಿಳಿಯುವುದಿಲ್ಲ. ಅದು ನಮಗೆ ಸಂಬಂಧಪಟ್ಟ ಮಾತೂ ಅಲ್ಲ. ಇಷ್ಟು ಗಟ್ಟಿಯಾದ ವೈಜ್ಞಾನಿಕ ಕಲ್ಪನೆ ಲೇಸರ್ ಕಾದಾಟದ ಎಷ್ಟು ಸಿನಿಮಾಗಳಲ್ಲಿದೆ, ನೀವೇ ಹೇಳಿ.

ತಿಮಿಂಗಿಲಗಳು ಬಹುಪಾಲು ಯಂತ್ರದ ಚಿಕ್ಕ ಮಾದರಿಗಳು. ಸಿನಿಮಾದಲ್ಲಿ ಸೌಸಲಿಟೊದಲ್ಲಿದೆ ಅನ್ನುವ ತಿಮಿಂಗಿಲ ಸಂಸ್ಥೆ ನಿಜದಲ್ಲಿ ಮಾಂಟೆರೆ ಬೇ ಅಕ್ವೇರಿಯಂ. ಸಿನಿಮಾವನ್ನು 1986ರ ಜನವರಿಯಲ್ಲಿ ಚಾಲೆಂಜರ್ ಗಗನನೌಕೆ ಸ್ಫೋಟಗೊಂಡು ತೀರಿಕೊಂಡ ಗಗನಯಾತ್ರಿಗಳಿಗೆ ಅರ್ಪಿಸಿದರು.

ಪ್ರಶ್ನೆ: 'ತ್ರೀ ಮೆನ್ ಅಂಡ್ ಎ ಬೇಬಿ'ಯಲ್ಲಿ ಕಿಟಕಿ ಹತ್ತಿರ ದೆವ್ವದ ಹುಡುಗ ಕಾಣ್ತಾನಂತೆ. ಅದೂ ಇವರದೇ ನಿರ್ದೇಶನವಂತೆ. ನಿಜಾನಾ?

ಎರಡನೆಯದು ನಿಜ. ಮೊದಲನೆಯದು ಆ ಸಿನಿಮಾದ ನಟ ಟೆಡ್ ಡ್ಯಾನ್ಸನ್ ಅವರ ರಟ್ಟಿನ ಕಟೌಟ್. ಅಲ್ಲಿ ಯಾವ ಹುಡುಗನೂ ಸತ್ತಿಲ್ಲ. ಸತ್ತ ಎನ್ನುವ ಮನೆಯೇ ಇಲ್ಲ, ಅದು ಟೊರಾಂಟೊದಲ್ಲಿ ಹಾಕಿದ ಸೆಟ್ಟು. ದೆವ್ವದ ಗಲಾಟೆಯಲ್ಲಿ ಜನ ಮರೆಯುವ ವಿಷಯ ಬೇರೆ ಇದೆ. 1987ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಸಿನಿಮಾಗಳಲ್ಲಿ ಅತಿ ಹೆಚ್ಚು ಹಣ ತಂದದ್ದು ಇದೇ, ಅಲ್ಲೇ 16 ಕೋಟಿ ಡಾಲರ್‌ಗೂ ಮೇಲೆ. ಚೂಪು ಕಿವಿ ಇಲ್ಲ, ಅಂತರಿಕ್ಷ ಇಲ್ಲ. ಮೂರು ಗಂಡಸರು, ಒಂದು ಮಗು, ಡೈಪರ್.

ಪ್ರಶ್ನೆ: ಮೊದಲು 'ನಾನು ಸ್ಪಾಕ್ ಅಲ್ಲ' ಅಂತ ಪುಸ್ತಕ ಬರೆದು, ಆಮೇಲೆ 'ನಾನು ಸ್ಪಾಕ್' ಅಂತ ಇನ್ನೊಂದು ಬರೆದರು. ಪುಸ್ತಕ ಮಾರಲಿಕ್ಕೆ ಮಾತು ಬದಲಾಯಿಸಿದ್ದಲ್ವಾ?

ಎರಡನ್ನೂ ಓದಿದವರು ಈ ಪ್ರಶ್ನೆ ಕೇಳುವುದಿಲ್ಲ. ಕೋಪ ಬೇಡ, ಇದೇ ತರ್ಕ ಮಾಡಿದವರು ಅಮೆರಿಕದಲ್ಲೂ ತುಂಬ ಇದ್ದರು.

'ಐ ಆಮ್ ನಾಟ್ ಸ್ಪಾಕ್' ಬಂದದ್ದು 1975ರಲ್ಲಿ. ಹೆಸರು ಹುಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ. ಒಬ್ಬ ತಾಯಿ ತನ್ನ ಮಗುವನ್ನು ಇವರ ಹತ್ತಿರ ಕರೆತಂದು, ನೋಡು ನಿನ್ನ ಸ್ಪಾಕ್ ಎಂದಳು. ಮಗು ಇವರನ್ನು ನೋಡಿತು, ಯಾರೆಂದೇ ಗೊತ್ತಾಗಲಿಲ್ಲ. ಕಿವಿ ಇಲ್ಲ, ಹುಬ್ಬು ಇಲ್ಲ, ಸಮವಸ್ತ್ರ ಇಲ್ಲ. ಮಗುವಿನ ಲೆಕ್ಕವೇ ಸರಿ, ಇವರು ಸ್ಪಾಕ್ ಅಲ್ಲ. ಅಲ್ಲಿಂದ ಪುಸ್ತಕ ಶುರು. ಒಳಗೆ ನಿಮೋಯ್ ಮತ್ತು ಸ್ಪಾಕ್ ಎದುರುಬದುರು ಕೂತು ಮಾತಾಡುವ ಸಂಭಾಷಣೆಗಳಿವೆ. ನಿಮೋಯ್ ಗೊಣಗುತ್ತಾರೆ, ಸ್ಪಾಕ್ ಶಾಂತವಾಗಿ ತಿದ್ದುತ್ತಾನೆ. ಯಾವುದಾದರೂ ಟಿವಿ ಪಾತ್ರವಾಗುವ ಅವಕಾಶ ಕೊಟ್ಟರೆ ಸ್ಪಾಕ್‌ನನ್ನೇ ಆರಿಸುತ್ತೇನೆ ಎಂಬ ಮಾತೂ ಅದರಲ್ಲಿದೆ. ಆದರೆ ಅಭಿಮಾನಿಗಳಲ್ಲಿ ಬಹಳಷ್ಟು ಜನ ಮುಖಪುಟ ಮಾತ್ರ ಓದಿದರು. ನಮ್ಮ ಸ್ಪಾಕ್‌ನನ್ನು ಇವರು ತಿರಸ್ಕರಿಸಿದರು ಎಂದು ಸಿಟ್ಟಾದರು. ಐಸ್ನರ್ ತಲೆ ಹೊಕ್ಕ ಆ ತಪ್ಪು ಸುದ್ದಿಗೆ ಈ ಸಿಟ್ಟು ಒಳ್ಳೆಯ ಗೊಬ್ಬರವಾಗಿರಬೇಕು ಅನ್ನೋದು ನನ್ನ ಊಹೆ.

ಇಪ್ಪತ್ತು ವರ್ಷ ಬಿಟ್ಟು, 1995ರಲ್ಲಿ, 'ಐ ಆಮ್ ಸ್ಪಾಕ್'. ಇದರಲ್ಲೂ ಇಬ್ಬರ ಜಗಳ ಮುಂದುವರಿಯುತ್ತದೆ. ನನ್ನ ದೃಷ್ಟಿಯಲ್ಲಿ ಇದು ಹೆಚ್ಚು ಉಪಯೋಗದ ಪುಸ್ತಕ. ಏಕೆಂದರೆ ಈ ಹೊತ್ತಿಗೆ ಅವರು ನಿರ್ದೇಶಕ. ಸೆಟ್ಟಿನಲ್ಲಿ ಯಾವ ಸಲಹೆ ಯಾರಿಂದ ಬಂತು, ಯಾವುದನ್ನು ಯಾಕೆ ಬಿಟ್ಟರು, ಸ್ಟುಡಿಯೋ ಜತೆ ಹೇಗೆ ಮಾತಾಡಿದರು ಎಂಬುದನ್ನೆಲ್ಲ ಬಿಡಿಸಿ ಹೇಳುತ್ತಾರೆ. ಮೊದಲನೆಯದರಲ್ಲಿ ನಟನ ಸಂಕಟ ಇದೆ. ದಿನಕ್ಕೆ ಹನ್ನೆರಡು ತಾಸು, ವಾರಕ್ಕೆ ಐದು ದಿನ ಭಾವನೆ ಅದುಮಿಕೊಂಡ ಪಾತ್ರ ಮಾಡಿದರೆ, ರಜಾ ದಿನವೂ ಆ ಪಾತ್ರ ಮೈಯಿಂದ ಇಳಿಯುವುದಿಲ್ಲ. ಅದನ್ನು ಅಷ್ಟು ನೇರವಾಗಿ ಬರೆದ ನಟರು ಕಡಿಮೆ.

ಪ್ರಶ್ನೆ: ಕವನವನ್ನೂ ಬರೆದಿದ್ದಾರಂತೆ. ಹೇಗಿವೆ?

1973ರಿಂದ ಹಲವು ಸಂಕಲನ ಬಂದಿವೆ. ಪ್ರೀತಿ, ಒಂಟಿತನ, ಬೆಳಗಿನ ಹೊತ್ತು. ಮನಸ್ಸು ಒಳ್ಳೆಯದು, ಸಾಲುಗಳು ಸಡಿಲ. ಸ್ಪಾಕ್‌ನಲ್ಲಿ ತೆಗೆದುಹಾಕುತ್ತಿದ್ದ ಕೈ ಇಲ್ಲಿ ಎಲ್ಲಿ ಹೋಯಿತೋ! ಫೋಟೋಗಳ ಮಾತು ಬೇರೆ, ಮುಂದಿನ ಉತ್ತರ ನೋಡಿ.

ಪ್ರಶ್ನೆ: ಬೆರಳು ಎರಡೆರಡಾಗಿ ಬಿಡಿಸಿ ಮಾಡುವ ಆ ನಮಸ್ಕಾರ ಎಲ್ಲಿಂದ ಬಂತು?

ಅಮೆರಿಕದ ಬಾಸ್ಟನ್ನಿನ ಒಂದು ಸಿನಗಾಗ್‌ನಿಂದ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಿಂದ. ನಿಮೋಯ್ 1931ರಲ್ಲಿ ಅಲ್ಲಿ ಹುಟ್ಟಿದವರು. ತಂದೆತಾಯಿ ಉಕ್ರೇನ್‌ನಿಂದ ಬಂದ ಯಹೂದಿಗಳು, ತಂದೆಗೆ ಕ್ಷೌರದ ಅಂಗಡಿ ಇತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ಕೊಹನಿಮ್ ಎಂಬ ಪುರೋಹಿತ ವಂಶದವರು ಶಾಲು ಹೊದ್ದು, ಕೈ ಚಾಚಿ ಆಶೀರ್ವದಿಸುತ್ತಾರೆ. ಆಗ ನೋಡಬಾರದು ಎಂದು ತಂದೆ ಹೇಳಿದ್ದರು. ಹುಡುಗ ಇಣುಕಿದ. ಬೆರಳುಗಳು ಹೀಗೆ ಕವಲೊಡೆದು ನಿಂತಿದ್ದವು. 1967ರ 'ಅಮೋಕ್ ಟೈಮ್' ಕಂತಿನಲ್ಲಿ ಸ್ಪಾಕ್ ತನ್ನ ಗ್ರಹಕ್ಕೆ ಹೋಗುತ್ತಾನೆ. ಆ ಗ್ರಹದವರಿಗೆ ತಮ್ಮದೇ ಒಂದು ವಂದನೆ ಬೇಡವೇ ಎಂದು ನಿಮೋಯ್ ಕೇಳಿ, ಆ ಕೈ ತೋರಿಸಿದರು. ಎದುರು ನಟಿಸಿದ ಸೀಲಿಯಾ ಲಾವ್ಸ್ಕಿ ಅವರಿಗೆ ಬೆರಳು ಹಾಗೆ ನಿಲ್ಲುತ್ತಲೇ ಇರಲಿಲ್ಲ. ಕ್ಯಾಮೆರಾಗೆ ಕಾಣದಂತೆ ಮೊದಲೇ ಜೋಡಿಸಿಕೊಂಡು ಕೈ ಎತ್ತಬೇಕಾಯಿತು.

ಇಲ್ಲಿಗೆ ಮುಗಿಯಲಿಲ್ಲ. ಆ ಹೊತ್ತಿನಲ್ಲಿ ಯಾಕೆ ನೋಡಬಾರದು ಎಂದರೆ, ದೇವರ ಸ್ತ್ರೀರೂಪವಾದ ಶೆಕಿನಾ ಆಗ ಅಲ್ಲಿಗೆ ಬರುತ್ತಾಳೆ ಎಂಬ ನಂಬಿಕೆ. ನಿಮೋಯ್ ದೊಡ್ಡವರಾದ ಮೇಲೆ ಅದನ್ನು ತಿಳಿದು, ಅವಳನ್ನೇ ವಸ್ತುವಾಗಿಟ್ಟು ಕಪ್ಪು ಬಿಳುಪು ಫೋಟೋಗಳನ್ನು ತೆಗೆದರು. 2002ರಲ್ಲಿ 'ಶೆಕಿನಾ' ಎಂಬ ಪುಸ್ತಕವಾಗಿ ಬಂತು. ಪ್ರಾರ್ಥನೆಯ ಶಾಲು ಹೊದ್ದ ಹೆಂಗಸರು, ಕೆಲವು ಕಡೆ ಬೆತ್ತಲೆ. ಸಂಪ್ರದಾಯಸ್ಥರು ಸಿಟ್ಟಾದರು. ಫೋಟೋ ಅವರಿಗೆ ಹೊಸ ಹುಚ್ಚಲ್ಲ. ಹುಡುಗನಾಗಿದ್ದಾಗ ಮನೆಯ ಬಚ್ಚಲನ್ನೇ ಡಾರ್ಕ್‌ರೂಮ್ ಮಾಡಿಕೊಂಡಿದ್ದವರು, ಎಪ್ಪತ್ತರ ದಶಕದಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಕಲಿತವರು. 2007ರ 'ದಿ ಫುಲ್ ಬಾಡಿ ಪ್ರಾಜೆಕ್ಟ್' ನನಗೆ ಇನ್ನೂ ಇಷ್ಟ. ಅದರಲ್ಲಿರುವವರೆಲ್ಲ ದಪ್ಪ ಮೈಯ ಹೆಂಗಸರು. ನಗುತ್ತಾರೆ, ಕುಣಿಯುತ್ತಾರೆ, ನೇರ ಕ್ಯಾಮೆರಾ ನೋಡುತ್ತಾರೆ. ಯಾರೂ ಹೊಟ್ಟೆ ಒಳಗೆಳೆದುಕೊಂಡಿಲ್ಲ.

ಪ್ರಶ್ನೆ: ನನಗೆ ಹದಿನೈದು ವರ್ಷ. ಸ್ಪಾಕ್ ಇಷ್ಟ ಅಂದರೆ ಕ್ಲಾಸಿನಲ್ಲಿ ಆಡಿಕೊಳ್ಳುತ್ತಾರೆ. ಯಾವ ಗುಂಪಿಗೂ ನಾನು ಸೇರುವುದಿಲ್ಲ. ಏನು ಮಾಡಲಿ ಮೇಡಂ?

ನನಗಿಂತ ಚೆನ್ನಾಗಿ ಉತ್ತರ ಕೊಟ್ಟವರಿದ್ದಾರೆ ಮರಿ. 1968ರಲ್ಲಿ ಅಮೆರಿಕದ 'ಫೇವ್' ಎಂಬ ಹದಿಹರೆಯದವರ ಪತ್ರಿಕೆಗೆ ಒಬ್ಬ ಹುಡುಗಿ ಸ್ಪಾಕ್ ಹೆಸರಿಗೇ ಪತ್ರ ಬರೆದಳು. ತಾಯಿ ಕಪ್ಪು, ತಂದೆ ಬಿಳಿ. ಕಪ್ಪು ಮಕ್ಕಳೂ ಸೇರಿಸಿಕೊಳ್ಳುವುದಿಲ್ಲ, ಬಿಳಿ ಮಕ್ಕಳೂ ಸೇರಿಸಿಕೊಳ್ಳುವುದಿಲ್ಲ. ಅರ್ಧ ಮನುಷ್ಯ, ಅರ್ಧ ವಲ್ಕನ್ ಎಂಬ ಬೇರೆ ಗ್ರಹದವನಾದ ಸ್ಪಾಕ್‌ಗೆ ಇದು ಗೊತ್ತಿರುತ್ತದೆ ಎಂದು ಅವಳ ನಂಬಿಕೆ. ನಿಮೋಯ್ ಎರಡು ಸಾಲು ಬರೆದು ಸಹಿ ಹಾಕಿ ಮುಗಿಸಲಿಲ್ಲ. ಪುಟಗಟ್ಟಲೆ ಬರೆದರು. ಸಾರ ಇಷ್ಟು: ಸ್ಪಾಕ್‌ಗೂ ಚಿಕ್ಕಂದಿನಲ್ಲಿ ಹೀಗೇ ಆಗಿತ್ತು. ಗುಂಪಿಗೆ ಆಡಿಕೊಳ್ಳಲು ಯಾರಾದರೂ ಬೇಕಿರುತ್ತದೆ, ಅದರಲ್ಲಿ ನಿನ್ನ ತಪ್ಪಿಲ್ಲ. ಎಲ್ಲರೂ ಮೆಚ್ಚಬೇಕು ಅಂತ ಬೇರೆಯವರು ಖರ್ಚು ಮಾಡುವ ಹೊತ್ತು, ಶಕ್ತಿಯನ್ನೆಲ್ಲ ಅವನು ಉಳಿಸಿಕೊಂಡು ತಾನು ಏನಾಗಬಹುದೋ ಅದಕ್ಕೆ ಹಾಕಿದ.

ಸರಣಿಯ ಕೆಲಸ ಬಿಗಿಯಾಗಿದ್ದ ಕಾಲದಲ್ಲಿ ಕೂತು ಬರೆದ ಉತ್ತರ ಅದು. ಪಾತ್ರದ ಕಷ್ಟವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರು 'ನಾನು ಸ್ಪಾಕ್ ಅಲ್ಲ' ಎಂದು ಬೇಸತ್ತು ಬರೆದರು ಅಂತ ನನಗೆ ಅನ್ನಿಸುವುದಿಲ್ಲ. ನೀನು ಮಾತ್ರ ಇನ್ನೊಂದು ಪತ್ರ ಬರಿ, ಈ ಸಲ ಯಾವ ಕಂತು ಇಷ್ಟ ಅಂತ ಹೇಳು.

ಪ್ರಶ್ನೆ: ಒಂದೇ ಭಾನುವಾರ ಬಿಡುವಿದೆ. ಏನು ನೋಡಲಿ?

ಬೆಳಿಗ್ಗೆ ಹಳೇ ಸರಣಿಯ 'ದಿ ನೇಕೆಡ್ ಟೈಮ್' ಕಂತು. ಸ್ಪಾಕ್ ಒಬ್ಬನೇ ಕೋಣೆಯಲ್ಲಿ ಕೂತು ಅಳುತ್ತಾನೆ. ನಿಮೋಯ್ ಕೇಳಿ ಸೇರಿಸಿಕೊಂಡ ದೃಶ್ಯ, ಸಮಯವಿಲ್ಲದೆ ಒಂದೇ ಟೇಕ್‌ನಲ್ಲಿ ಮುಗಿಸಿದ್ದು. ಆಮೇಲೆ 'ದಿ ವಾಯೇಜ್ ಹೋಮ್'. ಸಂಜೆಗೆ 1978ರ 'ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್'. ಅಲ್ಲಿ ಅವರು ಮನೋವೈದ್ಯ. ಸ್ಪಾಕ್‌ನ ಅದೇ ಸಮಾಧಾನದ ದನಿ, ಆದರೆ ಇಲ್ಲಿ ಕೇಳಿದರೆ ಮೈ ಜುಂ ಅನ್ನುತ್ತದೆ. ರಾತ್ರಿ ನಿದ್ದೆ ಬರದಿದ್ದರೆ 'ಕೊಲಂಬೊ' ಪತ್ತೇದಾರಿ ಸರಣಿಯ 'ಎ ಸ್ಟಿಚ್ ಇನ್ ಕ್ರೈಮ್' ಹಾಕಿ. 1973ರದ್ದು. ಕೊಲೆಗಾರ ಸರ್ಜನ್ ಆಗಿ ನಿಮೋಯ್ ಎಷ್ಟು ತಣ್ಣಗಿದ್ದಾರೆ ಎಂದರೆ, ಯಾವತ್ತೂ ಸಿಟ್ಟಾಗದ ಕೊಲಂಬೊ ತಾಳ್ಮೆಗೆಟ್ಟು ಮೇಜು ಅದುರುವಂತೆ ಕುಟ್ಟುತ್ತಾನೆ. ಅವರೇ ನಿರ್ದೇಶಿಸಿದ 1990ರ 'ಫನ್ನಿ ಅಬೌಟ್ ಲವ್' ಮಾತ್ರ ಬೇಡ, ಭಾನುವಾರ ಹಾಳಾಗುತ್ತದೆ.